ಚಿಗವ್ವನ ಫೋನು ಕಡೆಗೆ ಹೇಳಿದ್ದು

ಮುಂಜಾನೆ ಏಳೂಕಾಲಿಗೆ ಲಕ್ಷ್ಮೇಶ್ವರದಿಂದ ನಾಗರತ್ನಾ ಫೋನ್ ಮಾಡಿದಾಗ ನಾನು ನಕ್ಕೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಬರಲಿ.

ನಾಗರತ್ನಾ ಅಲ್ಲಿನ ಒಂದು ಸಕ್ಕರೆ ಕಾಯಿಲೆ ದವಾಖಾನೆಯ ನರ್ಸು. ಆ ದವಾಖಾನೆಗೆ ಆ್ಯಪ್ ಮಾಡಿಕೊಟ್ಟವಳು ನಾನು. ಓದಲು ಬಾರದ ರೋಗಿಗಳಿಗೆ ಇನ್ಸುಲಿನ್ ಎಷ್ಟು ಹಾಕಿಕೊಳ್ಳಬೇಕು ಎಂಬುದನ್ನು ಡಾಕ್ಟರ್ ಸುನಿತಾ ತಮ್ಮ ದನಿಯಲ್ಲೇ ಹೇಳಿ ಕಳಿಸುತ್ತಾರೆ. ರೋಗಿಗಳು ಹಸಿರು ಗುಂಡಿ ಒತ್ತಿ ಕೇಳುತ್ತಾರೆ. ಇಡೀ ಆ್ಯಪ್ ಇರುವುದೇ ಅಷ್ಟಕ್ಕೆ.

"ಕಾಂಚನಾ ಮೇಡಂ, ಅಡರಕಟ್ಟಿ ಲಕ್ಕಪ್ಪ ಫೋನ್ ಮಾಡಿದ್ದ," ಅಂದಳು. "ಡಾಕ್ಟರು ಒಮ್ಮೆ ಹದಿನಾಲ್ಕು ಅಂತಾರ, ಹಿಂದಿಂದನ ಇಪ್ಪತ್ತು ಅಂತಾರ, ಯಾವುದು ಹಾಕ್ಕೋಬೇಕು ಅಂತ ಕೇಳಾಕತ್ಯಾನ."

"ಡಾಕ್ಟರ್ ಜೋಡಿನೂ ಚೌಕಾಶಿ ಮಾಡ್ತಾನೇನು ಅಂವ?" ಅಂದೆ. ನಕ್ಕದ್ದು ಆಗಲೇ.

"ನಗಬ್ಯಾಡ್ರಿ ಮೇಡಂ. ಒಮ್ಮೆ ಒತ್ತಿದ್ರ ಎರಡೂ ಹೇಳ್ತೈತಂತ."

ಒದ್ದೆ ಕೂದಲಿಗೆ ಸುತ್ತಿದ್ದ ಟವೆಲನ್ನು ಕಿತ್ತೆಸೆದು ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಫೋನು ಹಿಟ್ಟಿನ ಡಬ್ಬಿಯ ಮೇಲಿತ್ತು. ಸೊರಟೂರಿನಲ್ಲಿರುವ ಅವಳ ತಂಗಿ ಗದಿಗೆವ್ವ, ಅಂದರೆ ನನ್ನ ಚಿಗವ್ವ, ಅದೇ ದವಾಖಾನೆಯ ರೋಗಿ. ಚಿಗವ್ವನಿಗೆ ಬರುವ ಸಂದೇಶಗಳ ಪ್ರತಿ ಅವ್ವನಿಗೂ ಬರುವಂತೆ ನಾನೇ ಮಾಡಿಟ್ಟಿದ್ದೆ. ಅಕ್ಕತಂಗಿಯರಿಬ್ಬರಿಗೂ ಒಂದೇ ನಮೂನೆಯ ಫೋನು ಕೊಡಿಸಿದವಳೂ ನಾನೇ. ಹಸಿರು ಗುಂಡಿ ಒತ್ತಿದೆ.

"ಗದಿಗೆವ್ವ, ಇನ್ಮುಂದ ಮುಂಜಾನೆ ಹತ್ತು ಪಾಯಿಂಟ್. ಹಾಕ್ಕೊಂಡ ಕೂಡ್ಲೆ ಊಟ ಮಾಡ್ಬೇಕು." ಡಾಕ್ಟರ ದನಿ. ನಿನ್ನೆ ಸಂಜೆ ಕಳಿಸಿದ್ದು. ಆಮೇಲೆ ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದ ಫೋನು ಅದೇ ದನಿಯಲ್ಲಿ, ಅದೇ ಅಕ್ಕರೆಯಲ್ಲಿ ಮತ್ತೆ ಮಾತಾಡಿತು. "ಗದಿಗೆವ್ವ, ಇನ್ಮುಂದ ಮುಂಜಾನೆ ಇಪ್ಪತ್ತಾರು ಪಾಯಿಂಟ್."

ಇದು ಹೋದ ತಿಂಗಳಿನದು. ಇದಾದ ಮೇಲೆ ಫೋನು ನಿಂತಿತು.

"ಹಂಗಾರ ಇಪ್ಪತ್ತಾರು," ಅವ್ವ ರೊಟ್ಟಿ ತಿರುವಿಹಾಕುತ್ತ ಅಂದಳು.

"ಯಾಕವ್ವಾ? ಮೊದಲ ಹತ್ತು ಅಂದ್ರಲ್ಲ?"

"ಮೊದಲ ಅಂದದ್ದು ಯಾರು ಹಿಡೀತಾರ? ಕಡೀಗೆ ಅಂದದ್ದು ಖರೆ."

ಅವ್ವ ತಮಾಷೆ ಮಾಡುತ್ತಿರಲಿಲ್ಲ. ನಮ್ಮ ಮುತ್ಯಾ, ಅಂದರೆ ಅವ್ವನ ಅಪ್ಪ, ಮೆಣಸಿನಕಾಯಿ ಬೆಳೆಯುತ್ತಿದ್ದವನು. ಸುಗ್ಗಿಯಲ್ಲಿ ಹೆಣ್ಣುಮಕ್ಕಳಿಬ್ಬರನ್ನೂ ಚೀಲದ ಮೇಲೆ ಕೂರಿಸಿಕೊಂಡು ಗದಗಿನ ಪೇಟೆಗೆ ಬರುತ್ತಿದ್ದ. ಅಲ್ಲಿ ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಹತ್ತು ಮಂದಿ ಹತ್ತು ದರ ಕೂಗುತ್ತಾರೆ. ಯಾರ ಕೂಗಿನ ಮೇಲೆ ಕೂಗು ಬರುವುದಿಲ್ಲವೋ ಅದೇ ದರ, ಅದಕ್ಕೂ ಹಿಂದಿನದೆಲ್ಲ ಗಾಳಿಗೆ ಹೋದ ಮಾತು. ಮನೆಯಲ್ಲೂ ಅದೇ ರೂಢಿ ನಡೆಯಿತು. ಹೆಣ್ಣು ನೋಡುವ ಮಾತುಕತೆಯಿರಲಿ, ಹೊಲ ಪಾಲು ಮಾಡುವ ಜಗಳವಿರಲಿ, ಕಡೆಯತನಕ ಕೇಳಬೇಕು, ಕಡೆಯದನ್ನು ಹಿಡಿಯಬೇಕು. ನಡುವೆ ಎದ್ದುಹೋದವರನ್ನು ಮುತ್ಯಾ ಬೈಯುತ್ತಿದ್ದ. ಚಿಗವ್ವ ಆ ಫೋನನ್ನು ಅದು ಬಾಯಿ ಮುಚ್ಚುವವರೆಗೂ ಕೇಳುತ್ತಾಳೆ. ಅವಳಿಗೆ ಅದೊಂದೇ ಗೊತ್ತಿರುವುದು.

ಇದು ಹೇಗಾಯಿತೆಂದು ಯಾರೂ ನನಗೆ ವಿವರಿಸಬೇಕಾಗಿರಲಿಲ್ಲ. ಮಾಡಿದವಳು ನಾನೇ.

ಮೊದಲು ಸಂದೇಶವನ್ನು ನುಡಿಸುವ ಪ್ಲೇಯರ್ ನಮ್ಮ ಆ್ಯಪ್‌ನ ಒಳಗೇ ಇತ್ತು. ಒಂದು ಸಂದೇಶ ಹೇಳುತ್ತಿತ್ತು, ಸುಮ್ಮನಾಗುತ್ತಿತ್ತು. ಆದರೆ ನಮ್ಮ ಹಿರಿಯರು ಫೋನಿನಲ್ಲಿ ಏನೇ ಮಾತು ಬಂದರೂ ಕರೆ ಬಂದಂತೆ ಕಿವಿಗೇ ಹಿಡಿಯುತ್ತಾರೆ. ಕಿವಿಗೆ ಹಿಡಿದರೆ ಪರದೆ ಕಪ್ಪಾಗುತ್ತದೆ, ಪರದೆ ಕಪ್ಪಾದರೆ ನಮ್ಮ ಪ್ಲೇಯರ್ ಅರ್ಧಕ್ಕೆ ನಿಲ್ಲುತ್ತಿತ್ತು. ದಿನಾ ತಕರಾರು. ಅದನ್ನು ಒಳಗೇ ಸರಿಮಾಡಲು ಒಂದು ವಾರದ ಕೆಲಸವಿತ್ತು. ನನಗೆ ವಾರ ಕೂರುವ ತಾಳ್ಮೆ ಇರಲಿಲ್ಲ. ಎರಡು ವಾರದ ಹಿಂದೆ ನಮ್ಮ ಪ್ಲೇಯರನ್ನು ಕಿತ್ತುಹಾಕಿ, ಸಂದೇಶವನ್ನು ಫೋನಿನದೇ ಹಾಡಿನ ಪ್ಲೇಯರಿಗೆ ದಾಟಿಸಿಬಿಟ್ಟೆ. ಅದು ಪರದೆ ಕಪ್ಪಾದರೂ ನುಡಿಯುತ್ತದೆ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು.

ಬೆಟಗೇರಿಯ ನಮ್ಮ ಆಫೀಸಿನಲ್ಲಿ ನಾವಿರುವುದು ಇಬ್ಬರೇ, ನಾನು ಮತ್ತು ನಂದೀಶ. ಕೆಳಗಡೆ ಮಗ್ಗದ ಸದ್ದು, ಮೇಲೆ ನಮ್ಮ ವಾದ. ಅವತ್ತು ನಂದೀಶ ಬೇಡ ಅಂದಿದ್ದ.

"ಒಳಗಿದ್ರ ನಮ್ಮ ಮಾತು ಕೇಳ್ತೈತಿ. ಹೊರಗ ಬಿಟ್ಟ ಮ್ಯಾಲೆ ಅದು ಏನ್ ಮಾಡ್ತೈತೋ ನಮಗೇನ್ ಗೊತ್ತು?"

"ಹೊರಗಿಂದು ಏನ್ ಮಾಡಿದ್ರೂ ಅದು ಫೋನಿನವರ ಹಣೆಬರಹ, ನಮ್ಮದಲ್ಲ," ಅಂದಿದ್ದೆ. ಜಾಣತನದ ಮಾತು ಆಡಿದೆನೆಂದು ಆಮೇಲೆ ಚಹಾ ಬೇರೆ ಕುಡಿದೆ. ನಾನು ಕೆಲಸದಲ್ಲಿ ಚುರುಕು, ಬಾಯಿಯಲ್ಲಿ ಅದಕ್ಕಿಂತ ಚುರುಕು.

ಹಾಡಿನ ಪ್ಲೇಯರಿಗೆ ಡಾಕ್ಟರೂ ಒಂದು ಹಾಡೇ. ಒಂದು ಮುಗಿದರೆ ಪಕ್ಕದಲ್ಲಿರುವ ಇನ್ನೊಂದನ್ನು ಹಚ್ಚುವುದು ಅದರ ಧರ್ಮ. ನಾನು ಪರೀಕ್ಷೆ ಮಾಡಿದ ಫೋನಿನಲ್ಲಿ ಇದ್ದದ್ದು ಒಂದೇ ಸಂದೇಶ. ಹಾಗಾಗಿ ಅಲ್ಲಿ ಅದು ಸುಮ್ಮನಾಗಿತ್ತು, ನಾನೂ ಸುಮ್ಮನಾಗಿದ್ದೆ. ರೋಗಿಗಳ ಫೋನಿಗೂ ಎರಡನೆಯ ಸಂದೇಶ ಹೋದದ್ದು ನಿನ್ನೆ ಸಂಜೆಯೇ ಮೊದಲು.

ಚಿಗವ್ವನಿಗೆ ಹಳೆಯ ಔಷಧದಲ್ಲೇ ಎರಡು ಸಲ ತಲೆ ತಿರುಗಿ ಬಿದ್ದಿದ್ದಾಯಿತು. ಅದಕ್ಕೇ ನಿನ್ನೆ ಡಾಕ್ಟರು ಔಷಧವನ್ನೇ ಬದಲಿಸಿದ್ದರು. ಹೊಸದು ಬಿರುಸು, ಕಾಲು ತಾಸಿನಲ್ಲಿ ಕೆಲಸ ಶುರುಮಾಡುತ್ತದೆ. ಅದಕ್ಕೇ ಹತ್ತು. ಈ ಹೊಸ ಔಷಧವನ್ನು ಇಪ್ಪತ್ತಾರು ಹಾಕಿಕೊಂಡು ಹೊಲಕ್ಕೆ ಹೋದರೆ ಏನಾಗುತ್ತದೆ ಎಂದು ನಾಗರತ್ನಾಗೆ ಕೇಳಿದೆ. ಅವಳು ಇನ್ನೂ ಫೋನಿನಲ್ಲೇ ಇದ್ದಳು.

"ಮೊದಲ ಬೆವರು ಬರ್ತೈತಿ. ಆಮ್ಯಾಲೆ ಖಬರ ತಪ್ತೈತಿ. ಹಂಗ ಮಕ್ಕೊಂಡ್ರ ಏಳೂದಿಲ್ರಿ ಮೇಡಂ."

ಚಿಗವ್ವನಿಗೆ ಫೋನ್ ಹಚ್ಚಿದೆ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದೆ. ಎರಡು ಸಲ ಬೇರೆ ಯಾರಿಗೋ ಹೋಯಿತು. ಅವಳದು ಒಂಟಿ ಮನೆ. ಗಂಡ ತೀರಿಕೊಂಡು ಎಂಟು ವರ್ಷ, ಮಕ್ಕಳಿಲ್ಲ. ಎತ್ತಿಕೊಳ್ಳಲು ಬೇರೆ ಯಾರೂ ಇಲ್ಲ.

"ಏನಾತಽ?" ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

ನಾನು ಗಾಡಿಯ ಕೀಲಿ ಹುಡುಕುತ್ತಿದ್ದೆ. ಅದು ನನ್ನ ಕೈಯಲ್ಲೇ ಇತ್ತು.

ಚಿಗವ್ವನ ಪಕ್ಕದ ಮನೆಯ ಹುಚ್ಚೀರಪ್ಪ ಕಾಕಾಗೆ ಹಚ್ಚಿದೆ. ಮುದುಕ ಮೂರನೆಯ ಸಲಕ್ಕೆ ಎತ್ತಿಕೊಂಡ.

"ಕಾಕಾ, ಚಿಗವ್ವನ್ನ ಹುಡುಕ್ರಿ. ಜಲ್ದಿ. ಇನ್ಸುಲಿನ್ ಜಾಸ್ತಿ ಹಾಕ್ಕೊಂಡಾಳ."

"ಮನಿ ಕೀಲಿ ಹಾಕೈತಲ್ಲ ತಂಗಿ. ಆಗಳೇ ಹೊಲಕ್ಕ ಹೋದ್ಲು. ಮೆಣಸಿನಕಾಯಿ ಬಿಡಸಾಕ ಆಳು ಬರ್ತಾರಂತ, ಅದಕ್ಕ ಗಡಿಬಿಡಿ ಮಾಡಾಕತ್ತಿದ್ಲು."

"ಉಂಡು ಹೋದ್ಲೇನು?"

"ಬುತ್ತಿ ಕಟಗೊಂಡು ಹೋದ್ಲವ್ವಾ. ಉಂಡಳೋ ಇಲ್ಲೋ ನನಗೇನ್ ಗೊತ್ತು?"

"ಸಕ್ಕರಿ ತಗೊಂಡು ಹೊಲಕ್ಕ ಓಡ್ರಿ ಕಾಕಾ," ಅಂದೆ. ಅವನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ಬೇನೆ. ಆದರೂ ಓಡ್ರಿ ಅಂದೆ.

ನಂದೀಶನಿಗೆ ಎರಡೇ ಮಾತು ಹೇಳಿದೆ. ಅವನು 'ನಾನು ಹೇಳಲಿಲ್ಲವೇನು' ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಿ ಹಗುರಾಗುತ್ತಿದ್ದೆ. "ನೂರಾ ಎಂಟಕ್ಕ ನಾ ಹಚ್ತೀನಿ, ಗಾಡಿ ಸೊರಟೂರಿಗೆ ಕಳಸ್ತೀನಿ. ಡೋಸ್ ಕಮ್ಮಿ ಆದವರ ಯಾದಿ ತಗದು ನಾಗರತ್ನಾಗ ಕೊಡ್ತೀನಿ. ನೀ ಹೋಗು," ಅಂದ.

ಆ್ಯಪನ್ನು ಇಲ್ಲಿಂದಲೇ ನಿಲ್ಲಿಸಬಹುದಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ನನಗೂ ಅನ್ನಿಸಿತು, ಮುಳಗುಂದ ನಾಕಾ ದಾಟುವವರೆಗೂ ಅದನ್ನೇ ಯೋಚಿಸಿದೆ. ಆಗುವುದಿಲ್ಲ. ಹೊರಗಿನ ಪ್ಲೇಯರಿಗೆ ಕೊಡಬೇಕೆಂದು ಸಂದೇಶಗಳನ್ನೆಲ್ಲ ಒಬ್ಬೊಬ್ಬರ ಫೋನಿನಲ್ಲೂ ಇಳಿಸಿ ಇಟ್ಟಿದ್ದೇನೆ. ಅವು ಈಗ ನನ್ನ ಕೈಯಲ್ಲಿಲ್ಲ. ಬೆಟಗೇರಿಯಲ್ಲಿ ಕುಳಿತು ಏನು ಒತ್ತಿದರೂ ಶಿಗ್ಲಿಯಲ್ಲೋ ಮುಂಡರಗಿಯಲ್ಲೋ ಒಬ್ಬ ಮುದುಕ ಗುಂಡಿ ಒತ್ತಿದರೆ ಎರಡೂ ಅಳತೆ ಕೇಳುತ್ತವೆ. ನಂದೀಶ ಹೇಳಿದ್ದು ಇದನ್ನೇ.

ಶಿರಹಟ್ಟಿಯ ದಾರಿ. ಎಳೆ ಬಿಸಿಲು, ಎರಡೂ ಕಡೆ ಕೆಂಪು ಹೊತ್ತ ಮೆಣಸಿನ ಗಿಡಗಳು. ಎದುರಿಗೆ ಕೂಲಿಯವರನ್ನು ತುಂಬಿಕೊಂಡ ಟಂಟಂಗಳು. ಹೆಂಗಸರು ನಗುತ್ತ ಹೋಗುತ್ತಿದ್ದರು. ಇಂಥ ಚಂದದ ಮುಂಜಾನೆಯಲ್ಲಿ ಯಾರೂ ಸಾಯುವುದಿಲ್ಲ ಅಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೇ ಇನ್ನಷ್ಟು ಹೆದರಿದೆ.

ಆ ದಾರಿಯಲ್ಲಿ ನಾನು ಮಾಡಿದ ಇನ್ನೊಂದು ಕೆಲಸವನ್ನೂ ಹೇಳಬೇಕು. ಡಾಕ್ಟರಿಗೆ ಏನು ಹೇಳುವುದು ಎಂದು ತಾಲೀಮು ಮಾಡಿದೆ. 'ಪ್ಲೇಯರ್ ನಮ್ಮದಲ್ಲರಿ, ಫೋನಿನ ಕಂಪನಿಯದು. ಕೆಲವು ಫೋನ್‌ಗಳಲ್ಲಿ ಮಾತ್ರ ಹೀಗಾಗುತ್ತದೆ. ನಮ್ಮ ಕಡೆಯಿಂದ ಒಂದೇ ಸಂದೇಶ ಕಳಿಸುತ್ತೇವೆ.' ಒಂದೂ ಸುಳ್ಳಿಲ್ಲ. ಒಬ್ಬರೂ ನನ್ನನ್ನು ಹಿಡಿಯಲಾರರು. ಚಿಗವ್ವ ಯಾವ ಬದುವಿನ ಮೇಲೆ ಬಿದ್ದಿದ್ದಾಳೋ ಗೊತ್ತಿಲ್ಲ, ನಾನು ಪಾರಾಗುವ ದಾರಿ ಆಗಲೇ ಸಿದ್ಧವಾಗಿತ್ತು. ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು.

ಸೊರಟೂರು ಇನ್ನೂ ನಾಕು ಕಿಲೋಮೀಟರ್ ಇರುವಾಗ ಫೋನು ಬಂತು. ಗಾಡಿ ಪಕ್ಕಕ್ಕೆ ಹಾಕಿದೆ. ಹುಚ್ಚೀರಪ್ಪ ಕಾಕಾ. ಏದುಸಿರು.

"ಸಿಕ್ಕಾಳ ತಂಗಿ. ಬೇವಿನ ಗಿಡದ ಬುಡಕ್ಕ ಕುಂತಾಳ. ಮೈಯೆಲ್ಲ ನೀರು ನೀರು. ನನ್ನ ನೋಡಿ ಯಾರ ನೀ ಅನ್ನಾಕತ್ಯಾಳ."

"ಸಕ್ಕರಿ ಹಾಕ್ರಿ ಬಾಯಾಗ!"

"ಗಡಿಬಿಡ್ಯಾಗ ಮರತ ಬಂದೆನವ್ವಾ..." ಮುದುಕನ ದನಿ ಅಳುವಂತಾಯಿತು.

ಏನು ಮಾಡಲಿ? ಹೊಲದಲ್ಲಿ ಸಿಹಿ ಎಲ್ಲಿದೆ? ಮೆಣಸಿನ ಹೊಲ, ಸುತ್ತ ಖಾರ ಬಿಟ್ಟರೆ ಏನೂ ಇಲ್ಲ. ಆಗ ಎದುರು ಹೋದ ಟಂಟಂಗಳು ನೆನಪಾದವು. ಆ ಹೆಂಗಸರ ಕಾಲ ಬಳಿ ಇದ್ದ ಸ್ಟೀಲಿನ ಕ್ಯಾನುಗಳು.

"ಕಾಕಾ, ಆಳು ಬಂದಾರೇನು? ಚಾ ತಂದಿರ್ತಾರ, ಕೇಳ್ರಿ!"

"ಬಂದಾರ, ಬಂದಾರ. ಮಾಳವ್ವಾ, ಚಾ ತಾರಽ ಇಲ್ಲಿ!"

"ಖಬರ ಐತೇನು? ನುಂಗ್ತಾಳೇನು? ನುಂಗ್ದಿದ್ರ ಹೊಯ್ಯಬ್ಯಾಡ್ರಿ!"

ಉತ್ತರವಿಲ್ಲ. ಫೋನನ್ನು ಮಣ್ಣಿನ ಮೇಲೆ ಇಟ್ಟಿರಬೇಕು. ಹೆಂಗಸರ ಗದ್ದಲ ಕೇಳುತ್ತಿತ್ತು. ಬಾಯಿ ತೆಗಿ ಅನ್ನುತ್ತಿದ್ದಳು ಒಬ್ಬಳು. ಇನ್ನೊಬ್ಬಳು ಬೈಯುತ್ತಿದ್ದಳು. ನಾನು ರಸ್ತೆ ಪಕ್ಕ ನಿಂತು, ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಡೆಯತನಕ ಕೇಳಬೇಕು ಎಂದು ಕೇಳುತ್ತಿದ್ದೆ. ಅಷ್ಟು ಗಮನವಿಟ್ಟು ನಾನು ಬದುಕಿನಲ್ಲಿ ಏನನ್ನೂ ಕೇಳಿಲ್ಲ.

"ನುಂಗಿದ್ಲು!" ಮಾಳವ್ವನ ದನಿ. "ಇನ್ನೊಂದು ಗುಟುಕು ಹಾಕು."

ನಾನು ಹೋಗಿ ಮುಟ್ಟಿದಾಗ ಚಿಗವ್ವ ಮಾಳವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಸೀರೆ ಬೆವರಿಗೆ ಮೈಗಂಟಿತ್ತು. ತುಟಿಯ ಸುತ್ತ ಚಹಾ. ಕಣ್ಣು ತೆರೆದಿದ್ದವು, ಆದರೆ ನನ್ನನ್ನು ದಾಟಿ ಎಲ್ಲೋ ನೋಡುತ್ತಿದ್ದವು. ಚಿಗವ್ವಾ ಅಂದೆ. ಮತ್ತೆ ಅಂದೆ. ಬಹಳ ಹೊತ್ತಿನ ಮೇಲೆ "ಕಾಂಚಿ, ತಲಿ ಯಾಕ ಒಣಗಿಸಿಲ್ಲ?" ಅಂದಳು. ನಾನು ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿ ಅತ್ತೆ. ಬುತ್ತಿಯ ಗಂಟು ಬೇವಿನ ಕೊಂಬೆಗೆ ತೂಗುತ್ತಿತ್ತು, ಬಿಚ್ಚಿರಲಿಲ್ಲ.

ನೂರಾ ಎಂಟರ ಗಾಡಿ ಬಂದು ಶಿರಹಟ್ಟಿಗೆ ಒಯ್ದರು. ಸಲಾಯಿನ್ ಏರಿಸಿದರು. ಒಂದೊಂದು ತಾಸಿಗೆ ಬೆರಳು ಚುಚ್ಚಿ ನೋಡಿದರು. ಸಕ್ಕರೆ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ನಡುವೆ ನಾಗರತ್ನಾ ಒಂದೊಂದೇ ಹೆಸರು ಹೇಳುತ್ತ ಫೋನ್ ಮಾಡುತ್ತಿದ್ದಳು. ಡೋಸ್ ಕಮ್ಮಿಯಾದವರು ಹನ್ನೊಂದು ಮಂದಿ. ಶಿಗ್ಲಿಯ ಶಮಶಾದಬಿ ಇನ್ನೂ ಹಾಕಿಕೊಂಡಿರಲಿಲ್ಲ. ಲಕ್ಕಪ್ಪ, ಕೇಳದೆ ಹಾಕಿಕೊಳ್ಳುವುದಿಲ್ಲ ಎಂದು ಹಸಿದುಕೊಂಡೇ ಕುಳಿತಿದ್ದ. ಮುಂಡರಗಿಯ ಒಬ್ಬರಿಗೆ ಬೆಲ್ಲ ತಿನ್ನಿಸಿದರು. ಮಧ್ಯಾಹ್ನ ಒಂದರ ಹೊತ್ತಿಗೆ ಹನ್ನೊಂದೂ ಮಂದಿ ಸಿಕ್ಕರು, ಬದುಕಿದ್ದರು.

ಎರಡಕ್ಕೆ ಚಿಗವ್ವ ಎದ್ದು ಕೂತು ಅನ್ನ ಕೇಳಿದಳು. ಡಾಕ್ಟರ್ ಸುನಿತಾ ಲಕ್ಷ್ಮೇಶ್ವರದಿಂದ ಬಂದು ಅವಳ ನಾಡಿ ಹಿಡಿದು ನಿಂತಿದ್ದರು.

"ಗದಿಗೆವ್ವಾ, ನಿನ್ನೆ ನಿನ್ನ ಮುಂದ ಕುಂತು ಮೂರು ಸಲ ಹೇಳಿದ್ನಲ್ಲ, ಹತ್ತು ಅಂತ. ಮರತೇನು?"

"ಎಲ್ಲಿ ಮರೀತೀನ್ರಿ? ನೆನಪಿತ್ತು. ಹತ್ತು ಟಿಕ್ ತಿರುವಿ ಇನ್ಸುಲಿನ್ ಪೆನ್ನು ಕೈಯಾಗ ಹಿಡಕೊಂಡಿದ್ದೆ," ಅಂದಳು ಚಿಗವ್ವ. "ಒಮ್ಮೆ ಕೇಳಿಬಿಡೋಣು ಅಂತ ಫೋನ್ ಒತ್ತಿದೆ. ಅದು ಹತ್ತು ಅಂತು. ಆಮ್ಯಾಲೆ ಕಡೀಗೆ ಇಪ್ಪತ್ತಾರು ಅಂತು. ನನಗ ದಿಗಿಲಾತು. ನಾನ ತಪ್ಪು ಕೇಳಿರಬೇಕು ಅನಿಸ್ತು. ಹತ್ತರ ಮ್ಯಾಲೆ ಮತ್ತ ಹದಿನಾರು ಟಿಕ್ ತಿರುವಿದೆ."

"ನಾ ಹೇಳಿದ್ದಕ್ಕಿಂತ ಫೋನ್ ದೊಡ್ಡದಾತೇನು?"

"ಅದು ನಮ್ಮ ಕಾಂಚಿ ಮಾಡಿದ್ದಲ್ರಿ? ಅದು ಹೆಂಗ ಸುಳ್ಳು ಹೇಳ್ತೈತಿ?"

ಡಾಕ್ಟರು ನನ್ನ ಕಡೆ ನೋಡಿದರು. "ಅದು ಯಾಕ ಹಂಗ ಮಾಡ್ತು ಕಾಂಚನಾ? ಫೋನಿನ ತೊಂದ್ರಿ ಅಂತ ನಾಗರತ್ನಾ ಅಂದ್ಲು."

ದಾರಿಯಲ್ಲಿ ತಾಲೀಮು ಮಾಡಿದ್ದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಚಿಗವ್ವ ಅನ್ನದ ತಟ್ಟೆಯಿಂದ ತಲೆಯೆತ್ತಿ ನನ್ನ ಬಾಯನ್ನೇ ನೋಡುತ್ತಿದ್ದಳು. ಹತ್ತು ಟಿಕ್ ಹಿಡಿದ ಕೈಯನ್ನು ನನ್ನ ಹೆಸರು ನಂಬಿ ಇಪ್ಪತ್ತಾರಕ್ಕೆ ತಿರುಗಿಸಿದವಳು.

"ಫೋನಿಂದಲ್ರಿ. ನಂದು ತಪ್ಪು," ಅಂದೆ. "ವಾರದ ಕೆಲಸ ಅರ್ಧ ದಿನದಾಗ ಮುಗಸಾಕ ಹೋಗಿ ನಾನ ಮಾಡಿದ್ದು. ನಂದೀಶ ಬ್ಯಾಡ ಅಂದಿದ್ದ."

ಡಾಕ್ಟರು ಹೊರಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ನಾನು ಚಿಗವ್ವನ ಮಂಚದ ಪಕ್ಕ ಕೂತು ಎಲ್ಲ ಹೇಳತೊಡಗಿದೆ. ಒಳಗಿನ ಪ್ಲೇಯರ್, ಹೊರಗಿನ ಪ್ಲೇಯರ್, ಪರದೆ, ಪರೀಕ್ಷೆಯ ಫೋನು, ಮತ್ತೆ ಒಳಗೇ ಕೂರಿಸುತ್ತೇನೆ, ಒಂದು ವಾರ ಬೇಕು, ಅಲ್ಲಿಯತನಕ ಆ ಗುಂಡಿ ಮುಟ್ಟಬೇಡ, ಯಾರು ಒತ್ತು ಅಂದರೂ ಒತ್ತಬೇಡ. ಅವಳು ಅನ್ನ ಕಲಸುವುದನ್ನು ಬಿಟ್ಟು, ನಾನು ನಿಲ್ಲುವವರೆಗೂ ಕೇಳಿದಳು. ಅವಳು ಯಾವಾಗಲೂ ಹಾಗೇ ಕೇಳುವವಳು.

"ಆತು," ಅಂದಳು. "ಆ ವಾರ ದಿನಾ ಮುಂಜಾನೆ ನೀನ ಫೋನ್ ಹಚ್ಚಿ ಹೇಳು. ಹತ್ತು ಅನ್ನು."

"ಹೇಳ್ತೀನಿ ಚಿಗವ್ವಾ."

"ಹತ್ತು ಅಂದ ಮ್ಯಾಲೆ ಸುಮ್ಕಿರು. ಮುಂದ ಒಂದ ಮಾತೂ ಆಡಬ್ಯಾಡ."